ಸತ್ತಿತೆಂದು ಬರೆಸಿಕೊಂಡ ಪದಕ್ಕೆ ಒಂದು ಬಹಿರಂಗ ಪತ್ರ

ಪ್ರೀತಿಯ ಥಿರೆಲ್,

ಸಾವಿರ ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ತೂತು ಎನ್ನಬೇಕಾದಾಗ ಜನರ ಬಾಯಿಗೆ ಬರುತ್ತಿದ್ದ ಪದಗಳಲ್ಲಿ ನೀನೂ ಒಂದು. ಇಂದಿನ 'ಹೋಲ್' ಆಗಲೂ ಇತ್ತು. ಆದರೆ ಅದು ಟೊಳ್ಳು, ಗುಂಡಿ, ಗುಹೆಗಳ ಕಡೆಯದು. ನೀನು ಈ ಬದಿಯಿಂದ ಆ ಬದಿಗೆ ಹಾಯ್ದು ಹೋಗುವ ತೂತು. 'ಥ್ರೂ' ಎಂಬ ಪದ ನಿನ್ನ ರಕ್ತಸಂಬಂಧಿ. ಈಗ ನಿಘಂಟಿನವರು ನಿನ್ನ ಹೆಸರಿನ ಮುಂದೆ 'ಬಳಕೆ ತಪ್ಪಿದ್ದು' ಎಂದು ಬರೆಯುತ್ತಾರೆ. ಅದನ್ನು ಒಪ್ಪಲಾರದೆ ಈ ಪತ್ರ ಬರೆಯುತ್ತಿದ್ದೇನೆ.

ನೀನು ಸೋತದ್ದು ಮನೆಯ ಗೋಡೆಯಲ್ಲಿ, ಅದು ನಿಜ. ಬೆಳಕಿಗೆಂದು ಬಿಟ್ಟ ಕಿಂಡಿಗೆ ಹಳೆಯ ಇಂಗ್ಲಿಷಿನವರು ಕಣ್ಣನ್ನೂ ನಿನ್ನನ್ನೂ ಕೂಡಿಸಿ 'ಕಣ್ಣುತೂತು' ಎನ್ನುತ್ತಿದ್ದರು. 'ಕಣ್ಬಾಗಿಲು' ಎಂಬ ಮಾತೂ ಇತ್ತು. 9ನೇ ಶತಮಾನದಲ್ಲಿ ಕಡಲು ದಾಟಿ ಬಂದು ನೆಲೆಯೂರಿದ ವೈಕಿಂಗರ ನುಡಿಯಲ್ಲಿ ಅದೇ ಕಿಂಡಿ 'ವಿಂಡಾಉಗ', ಎಂದರೆ ಗಾಳಿಗಣ್ಣು. ಗಾಜಿಲ್ಲದ ಆ ಕಿಂಡಿಯಲ್ಲಿ ಬೆಳಕಿನ ಜೊತೆ ಗಾಳಿಯೂ ನುಗ್ಗುತ್ತಿತ್ತು. ಆ ಗಾಳಿಗಣ್ಣೇ ಇಂದಿನ 'ವಿಂಡೋ'. 1066ರ ನಂತರ ನಾರ್ಮನ್ನರ ಫ್ರೆಂಚಿನಿಂದ ಬಂದ 'ಫೆನೆಸ್ಟರ್' ಕೂಡ ಕೆಲವು ಶತಮಾನ ಅದರೊಡನೆ ಪೈಪೋಟಿಗೆ ನಿಂತು ಕೊನೆಗೆ ಹಿಂದೆ ಸರಿಯಿತು. ಸೋಲಿನಲ್ಲಿ ನೀನು ಒಂಟಿಯಲ್ಲ.

ನಮ್ಮ ಹಳೆಯ ಮನೆಗಳ ಮಾಡಿನಲ್ಲಿ ಬೆಳಕು ಇಳಿಸುವ ಗವಾಕ್ಷಿಯಿದೆಯಲ್ಲ, ಸಂಸ್ಕೃತದಲ್ಲಿ ಅದರ ಮೂಲಾರ್ಥ ಗೋವಿನ ಕಣ್ಣು. ಎಲ್ಲೆಲ್ಲಿಯವರೋ ಗೋಡೆಯ ತೂತಿನಲ್ಲಿ ಕಣ್ಣನ್ನೇ ಕಂಡಿದ್ದಾರೆ. ನೀನೂ ಆ ಬಳಗದವನು ಎಂದು ತಿಳಿದ ಮೇಲೆ ನೀನು ನನಗೆ ಪರದೇಶದವನಾಗಿ ಉಳಿಯಲಿಲ್ಲ.

ಇನ್ನು ನೀನು ಸತ್ತಿಲ್ಲವೆಂಬುದಕ್ಕೆ ಸಾಕ್ಷಿ. ಇಂಗ್ಲೆಂಡಿನ ಉತ್ತರದಲ್ಲಿ, ನಾರ್ಥಂಬರ್ಲೆಂಡಿನಲ್ಲಿ, ಥರ್ಲ್‌ವಾಲ್ ಎಂಬ ಜಾಗವಿದೆ. ಕ್ರಿ.ಶ. 122ರಲ್ಲಿ ರೋಮನ್ನರು ಕಟ್ಟತೊಡಗಿದ, ಚಕ್ರವರ್ತಿ ಹೇಡ್ರಿಯನ್‌ನ ಹೆಸರಿನ ಗೋಡೆ ಹಾದುಹೋಗುವುದು ಅಲ್ಲಿಯೇ. ಆ ಹೆಸರಿನ ಅರ್ಥ 'ತೂತು ಬಿದ್ದ ಗೋಡೆ'. 14ನೇ ಶತಮಾನದಲ್ಲಿ ಅಲ್ಲೊಂದು ಕೋಟೆಮನೆ ಎದ್ದಿತು, ಅದೂ ರೋಮನ್ನರ ಗೋಡೆಯಿಂದಲೇ ಕಿತ್ತು ತಂದ ಕಲ್ಲುಗಳಿಂದ. ಈಗ ಆ ಕೋಟೆಮನೆಯೂ ಪಾಳುಬಿದ್ದಿದೆ. ಚಕ್ರವರ್ತಿಯ ಗೋಡೆ ಕರಗಿತು, ಅದನ್ನು ಕರಗಿಸಿದವರ ಮನೆ ಕುಸಿಯಿತು. ಗೋಡೆಯ ತೂತಿಗೆ ಹೆಸರಾದ ನೀನು ಮಾತ್ರ ಭೂಪಟದಲ್ಲಿ ಹಾಗೇ ಇದ್ದೀಯೆ!

ಅದಕ್ಕಿಂತ ಹತ್ತಿರದ ಸಾಕ್ಷಿ ಮುಖದ ಮೇಲೆಯೇ ಇದೆ. 'ನಾಸ್ಟ್ರಿಲ್' ಎಂದರೆ ಮೂಗಿನ ಥಿರೆಲ್. 14ನೇ ಶತಮಾನದ ಕೊನೆಗೆ ಕವಿ ಚಾಸರ್ ತನ್ನ ಕ್ಯಾಂಟರ್ಬರಿ ಕಥೆಗಳ ಮುನ್ನುಡಿಯಲ್ಲಿ ಗಿರಣಿಯವನ ಅಗಲವಾದ ಕಪ್ಪು ಹೊಳ್ಳೆಗಳನ್ನು ವರ್ಣಿಸುವಾಗ ಪದ ಇನ್ನೂ 'ನೋಸ್‌ಥರ್ಲ್' ಎಂದೇ ಇತ್ತು. ಓದಿದವರಿಗೆ ಮೂಗೂ ಕಾಣುತ್ತಿತ್ತು, ತೂತೂ ಕಾಣುತ್ತಿತ್ತು. ಆಮೇಲೆ ನಾಲಿಗೆಗಳು ನಿನ್ನನ್ನು ಸವೆಸಿ ಸವೆಸಿ 'ಟ್ರಿಲ್' ಮಾಡಿದವು. ನಮ್ಮ ಶಾಲೆಗಳಲ್ಲಿ ಮಕ್ಕಳು ಆ ಪದದ ಸ್ಪೆಲಿಂಗನ್ನು ಉರುಹೊಡೆಯುತ್ತಾರೆ, ಅದರೊಳಗೆ ನೀನಿರುವುದನ್ನು ಯಾರೂ ತೋರಿಸುವುದಿಲ್ಲ. ಇದು ನನಗೆ ನೋವಿನ ಸಂಗತಿ. ಒಂದು ಸಲ ಬಿಡಿಸಿ ತೋರಿಸಿದರೆ ಆ ಮಗು ಪದವನ್ನು ಜನ್ಮದಲ್ಲಿ ಮರೆಯುವುದಿಲ್ಲ.

ನಿನ್ನಿಂದ ಹುಟ್ಟಿದ ಕ್ರಿಯಾಪದದ ಅರ್ಥ ಚುಚ್ಚು, ತೂತು ಕೊರೆ ಎಂದು. ಅದರ ಅಕ್ಷರಗಳು ಹಿಂದುಮುಂದಾಗಿ 'ಥ್ರಿಲ್' ಆಯಿತು. ಈಟಿ ಮೈಯನ್ನು ಚುಚ್ಚಿದಂತೆ ಭಾವ ಎದೆಯನ್ನು ಚುಚ್ಚುತ್ತದೆಂಬ ಅರ್ಥ ಆಮೇಲೆ ಬಂತು, ಹಳೆಯ ಅರ್ಥ ಮಾಸಿಹೋಯಿತು. ಇವತ್ತು ಕನ್ನಡ ಸಿನಿಮಾದ ಪೋಸ್ಟರುಗಳ ಮೇಲೂ 'ಥ್ರಿಲ್ಲರ್' ಎಂದು ದಪ್ಪಕ್ಷರದಲ್ಲಿ ಬರುತ್ತದೆ. ನಿಘಂಟಿನವರು ನಿನಗೆ ಬರೆದ ಮರಣಪತ್ರವನ್ನು ಇನ್ನಾದರೂ ತಿದ್ದಲಿ. 'ನಾಸ್ಟ್ರಿಲ್' ಇರುವ ಪಾಠ ಮಾಡುವ ಮೇಷ್ಟ್ರುಗಳು ಕರಿಹಲಗೆಯ ಮೇಲೆ ಆ ಪದವನ್ನು ಎರಡಾಗಿ ಬಿಡಿಸಿ ಬರೆಯಲಿ.

ಇಂತಿ,
ನಿನ್ನ ಕನ್ನಡದ ಅಭಿಮಾನಿ