ಉಗರಗೋಳೀಯ ಧೂಮಾನುಮಾನ ಚಂದ್ರಿಕೆ

ಪರ್ವತದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿರಲೇಬೇಕೆಂಬ ಒಂದೇ ಒಂದು ಅನುಮಾನವನ್ನು ನೈಯಾಯಿಕರು ಶತಮಾನಗಳ ಕಾಲ ಕಡೆದು ಸೋಸಿದರಾದರೂ, ಅವರಲ್ಲೊಬ್ಬನಾದರೂ ಸವದತ್ತಿ ಸೀಮೆಯ ಉಗರಗೋಳಕ್ಕೆ ಬಂದು, ಎಲ್ಲಮ್ಮನ ಗುಡ್ಡದತ್ತ ಮುಖಮಾಡಿ ಕಟ್ಟೆಯ ಮೇಲೆ ಒಂದು ಸಂಜೆ ಕುಳಿತಿದ್ದನಾದರೆ ಆ ಶಾಸ್ತ್ರವು ಬರಿಯ ಬೆಂಕಿಯಲ್ಲಿಯೇ ನಿಂತುಹೋಗುತ್ತಿರಲಿಲ್ಲವೆಂಬುದು ಈ ಪ್ರಬಂಧಕಾರನ ದೃಢವಾದ ಮತವು.

ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಚಕ್ಕಡಿ ಹೂಡಿಕೊಂಡು ಬಂದ ಭಕ್ತರು ಬಯಲಿನಲ್ಲಿ ಕಲ್ಲೊಲೆ ಹೂಡಿ, ಹೋಳಿಗೆ ಕಡಬು ಬೇಯಿಸಿ ಪಡ್ಡಲಗಿ ತುಂಬಿಸುವಾಗ ಹೊಗೆಯು ಸರ್ವಸಾಧಾರಣವಾದ್ದರಿಂದ ಪಾಂಡಿತ್ಯಕ್ಕೆ ಅಲ್ಲಿ ಅವಕಾಶವಿಲ್ಲ. ಜಾತ್ರೆ ಮುಗಿದ ಮೇಲೆ, ಯಾವುದೋ ಒಂದು ಮನೆಯ ಬೆಳಕಿಂಡಿಯಿಂದ ಹೊತ್ತಲ್ಲದ ಹೊತ್ತಿನಲ್ಲಿ ಹೊಗೆಯೆದ್ದಾಗಲೇ ನಿಜವಾದ ಮೀಮಾಂಸೆಯ ಆರಂಭ. ಹೊಗೆಯಿಂದ ಒಲೆ, ಒಲೆಯಿಂದ ಹೂರಣ, ಹೂರಣದಿಂದ ಬೀಗರು, ಬೀಗರಿಂದ ನಿಶ್ಚಯ, ನಮಗೆ ಹೇಳಿಕಳುಹಿಸದಿರುವುದರಿಂದ ಹಳೆಯ ಹಗೆ: ಹೀಗೆ ದೀಪ ಹಚ್ಚುವುದರೊಳಗಾಗಿ ಹುಡುಗಿಯ ಲಗ್ನವೂ ಎರಡು ಮನೆತನಗಳ ವೈರವೂ ಸಿದ್ಧವಾಗಿರುತ್ತವೆ. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನವೆಂಬ ಪಂಚಾವಯವಗಳನ್ನು ಗೌತಮನು ಕ್ರಮವಾಗಿ ಹೇಳಿದನು. ನಮ್ಮ ಸಂಪ್ರದಾಯದಲ್ಲಿ ನಿಗಮನವನ್ನು ಮನೆಯಿಂದಲೇ ತಂದಿರುತ್ತಾರೆ, ಉಳಿದ ನಾಲ್ಕನ್ನು ಎಲೆಯಡಿಕೆಯ ಬಿಡುವಿನಲ್ಲಿ ಜೋಡಿಸಿಕೊಳ್ಳುವರು.

ಕಾಕತಾಲೀಯ ನ್ಯಾಯವು ಇಲ್ಲಿ ಇನ್ನೂ ಉನ್ನತಿಗೇರಿದೆ. ಉಗರಗೋಳದ ಎರೆಹೊಲಗಳು ಹನಿ ಕಾಣದೆ ಬಾಯ್ದೆರೆದಿರುವಾಗಲೇ ನವಿಲುತೀರ್ಥದ ಅಣೆಕಟ್ಟಿನ ಹಿಂದೆ ರೇಣುಕಾಸಾಗರದ ನೀರು ಏರುವುದುಂಟು. ಒಬ್ಬನು ತಾನು ಹೊತ್ತ ಹರಕೆಯನ್ನೂ, ಮತ್ತೊಬ್ಬನು ಮೊನ್ನೆ ಬಂದುಹೋದ ಮಂತ್ರಿಗಳ ಕಾಲ್ಗುಣವನ್ನೂ ಹೇತುವಾಗಿ ಮುಂದಿಡುವನು. ಮಲಪ್ರಭೆಯು ಹುಟ್ಟುವುದು ದೂರದ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಆ ಘಟ್ಟದ ಸೀಮೆಯಲ್ಲಿ ಮಳೆಯು ಹಗಲಿರುಳು ಸುರಿಯುತ್ತಿರಬಹುದು ಎಂದು ಶಾಲೆಯ ಹುಡುಗನೊಬ್ಬನು ನುಡಿದನು. ಕಟ್ಟೆಯಿಂದ ಕಾಣದ್ದು ಕಾರಣವಾಗಲಾರದೆಂಬ ಸೂತ್ರವನ್ನು ಮುಂದೊಡ್ಡಿ ಅವನನ್ನು ನೀರು ತರಲು ಕಳುಹಿಸಲಾಯಿತು. ಹರಕೆಯಿಲ್ಲದ, ಮಂತ್ರಿಗಳೂ ಬಾರದ ವರ್ಷಗಳಲ್ಲಿ ನೀರು ಏರಿತ್ತೇ ಎಂದು ಎಣಿಸಿನೋಡುವ ವ್ಯತಿರೇಕ ಪರೀಕ್ಷೆಯನ್ನು ವಿದ್ವತ್ಸಭೆಯು ಅಮಂಗಳವೆಂದು ಬಗೆಯುತ್ತದೆ.

ಪೂರ್ವಪಕ್ಷವೊಂದುಂಟು. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದಾದರೂ ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು, ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ, ಹೊಗೆಗೆ ಹಸಿಯ ಸೌದೆಯೂ ಬೇಕು; ಇದನ್ನೇ ತಾರ್ಕಿಕರು ಉಪಾಧಿಯೆನ್ನುವರು. ಮಿಥಿಲೆಯ ಗಂಗೇಶೋಪಾಧ್ಯಾಯನು 14ನೆಯ ಶತಮಾನದಲ್ಲಿ ತತ್ತ್ವಚಿಂತಾಮಣಿಯೊಳಗೆ ಇಂತಹವಕ್ಕಾಗಿ ಎಷ್ಟು ತಾಳೆಗರಿಗಳನ್ನು ಸವೆಯಿಸಿದನೋ! ಗುಡ್ಡದ ಮೇಲೆ ಭಂಡಾರ ಮಾರಿ ಇಳಿದುಬರುತ್ತಿದ್ದ ಮುದುಕಿಯೊಬ್ಬಳು ಬುಟ್ಟಿಯನ್ನು ಕೆಳಗಿಳಿಸದೆಯೇ ಅದನ್ನು ಮುಗಿಸಿಬಿಟ್ಟಳು: “ಹಸಿ ಕಟಗಿ ಹಚ್ಚಿದ್ರ ಒಂದು ರೊಟ್ಟಿಗೂ ಓಣಿ ತುಂಬ ಹೊಗಿ ಆಕ್ಕೈತಿ. ಯಾರರ ಹೋಗಿ ಕೇಳಿ ಬಂದೀರೇನ್ರ್ಯಪಾ?”

ಸಭೆಯು ಕೆಲಕಾಲ ಮೌನವಾಗಿದ್ದು, ಅವಳು ಓಣಿಯ ತಿರುವಿನಲ್ಲಿ ಮರೆಯಾದ ಬಳಿಕ, ಇಷ್ಟು ಮುಚ್ಚುಮರೆಯ ಮಾತನಾಡುವವಳಿಗೆ ಆ ಮನೆಯಿಂದ ಲಗ್ನದ ಸೀರೆಯು ಅದಾಗಲೇ ಮುಟ್ಟಿರಬೇಕೆಂದು ಅವಿರೋಧವಾಗಿ ನಿರ್ಣಯಿಸಿತು. ಸೀರೆಯ ಬಣ್ಣದ ಬಗೆಗೆ ಮಾತ್ರ ಮತಭೇದವಿದೆ.