ಹಲೋ, ಕೇಳಿಸ್ತಾ ಇದೆಯಾ?

ಬೆಂಗಳೂರಿನ ಕೆ.ಆರ್. ಪುರದ ಪಕ್ಕದಲ್ಲಿ ದೂರವಾಣಿನಗರವಿದೆ. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಎಂಬ ಸರ್ಕಾರಿ ಕಾರ್ಖಾನೆ 1948ರಲ್ಲಿ ಹುಟ್ಟಿದ್ದು ಅಲ್ಲಿ. ಸಾಹೇಬರುಗಳ ಮೇಜಿನ ಮೇಲೆ ದಶಕಗಟ್ಟಲೆ ಕೂತಿದ್ದ ಕಪ್ಪು ಫೋನು ಅಲ್ಲಿಯ ಮಾಲು. ರಿಸೀವರಿಗೆ ಎರಡು ತುದಿ, ಒಂದು ಬಾಯಿಗೆ, ಇನ್ನೊಂದು ಕಿವಿಗೆ. ಕಾರ್ಖಾನೆಯವರು ಎರಡನ್ನೂ ಜೋಡಿಸಿಯೇ ಕಳಿಸುತ್ತಿದ್ದರು. ಕಿವಿಯ ತುದಿ ಯಾವ ಕಚೇರಿಯಲ್ಲಿ ಕಳಚಿ ಬಿತ್ತೋ, ಮಹಜರು ಮಾಡಿದವರಿಲ್ಲ.

2024ರ ಜನವರಿಯಲ್ಲಿ ಉಪಮುಖ್ಯಮಂತ್ರಿಗಳು ‘ಬಾಗಿಲಿಗೆ ಬಂತು ಸರ್ಕಾರ, ಸೇವೆಗೆ ಇರಲಿ ಸಹಕಾರ’ ಎಂಬ ಅಹವಾಲು ಕಾರ್ಯಕ್ರಮ ಶುರುಮಾಡಿದ್ದೂ ಈ ಕೆ.ಆರ್. ಪುರದ ಕಡೆಯಿಂದಲೇ. ಬಂದದ್ದು ಸರ್ಕಾರ, ಸಹಕರಿಸಬೇಕಾದವರು ನಾವು. ನೆಂಟರು ಕಾಲು ತೊಳೆಯುವ ಮೊದಲೇ ಪಾಯಸ ಎಲ್ಲಿ ಎಂದು ಕೇಳಿದ ಹಾಗೆ. ಇರಲಿ, ಬಂದದ್ದೇ ದೊಡ್ಡದು. ಹೇಳಿಕೊಳ್ಳುವವರಿಗೆ ಈ ಭಾಗದಲ್ಲಿ ಎಂದೂ ಬರವಿಲ್ಲ.

ನಮ್ಮಲ್ಲಿ ಅಹವಾಲು ಕೇಳುವ ಸಭೆಗೆ ಒಂದು ಪದ್ಧತಿಯಿದೆ. ಮೊದಲು ಪ್ರಾರ್ಥನೆ, ಸ್ವಾಗತ, ಹಾರ, ಶಾಲು. ಆಮೇಲೆ ಮೈಸೂರು ಪೇಟ. ಪೇಟವನ್ನು ಸ್ವಲ್ಪ ಕೆಳಗೆಳೆದು ತೊಡಿಸಿದರೆ ಕಿವಿ ಅರ್ಧ ಮುಚ್ಚುತ್ತದೆ, ಉಳಿದರ್ಧವನ್ನು ಪಕ್ಕದಲ್ಲಿ ಕೂತ ಆಪ್ತ ಸಹಾಯಕರು ತುಂಬಿಸುತ್ತಾರೆ. ‘ಎರಡೇ ಮಾತು’ ಎಂದು ಎದ್ದ ಗಣ್ಯರು ಮುಕ್ಕಾಲು ಗಂಟೆ ಮಾತಾಡುತ್ತಾರೆ. ಬೆಳಗ್ಗೆಯಿಂದ ಖಾತಾದ ಕಡತ ಹಿಡಿದು ನಿಂತ ಅಜ್ಜಿಯ ಸರದಿ ಬರುವಾಗ ಸಮಯದ ಅಭಾವ ತಲೆದೋರುತ್ತದೆ. ‘ಬರೆದು ಕೊಡಮ್ಮ, ಪರಿಶೀಲಿಸ್ತಾರೆ’ ಎಂದು ಮೈಕು ಆಕೆಯ ಕೈಯಿಂದ ವಂದನಾರ್ಪಣೆಯವರ ಕೈಗೆ ಹೋಗುತ್ತದೆ.

ಮಾತಿಗೆ ಈ ನಾಡು ಕೊಡುವ ಮರ್ಯಾದೆ ನೋಡಬೇಕಾದರೆ ಬೈಯಪ್ಪನಹಳ್ಳಿಗೆ ಹೋಗಿ. ಅಲ್ಲಿ ಮುನ್ನೂರು ಕೋಟಿಗೂ ಹೆಚ್ಚು ಖರ್ಚಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಎದ್ದು ನಿಂತಿತು. ಎಸಿ ಇತ್ತು, ಪ್ಲಾಟ್‌ಫಾರ್ಮ್ ಇತ್ತು, ಹಳಿ ಇತ್ತು. ಕೊರತೆಯಿದ್ದದ್ದು ಉದ್ಘಾಟನಾ ಭಾಷಣವೊಂದೇ. ಅದಕ್ಕಾಗಿ ನಿಲ್ದಾಣ ಒಂದು ವರ್ಷಕ್ಕೂ ಮಿಕ್ಕಿ ಕಾದು ಕೂತಿತು. ಕಡೆಗೆ 2022ರ ಜೂನ್ 6ರಂದು ಸಮಾರಂಭವಿಲ್ಲದೆಯೇ ಎರ್ನಾಕುಲಂ ರೈಲು ಹೊರಟುಬಿಟ್ಟಿತು. ಭಾಷಣವಿಲ್ಲದೆಯೂ ಗಾಲಿ ಉರುಳುತ್ತದೆ ಎಂಬ ಗುಟ್ಟು ಹೆಚ್ಚು ದಿನ ಬಯಲಲ್ಲಿರುವುದು ಕ್ಷೇಮವಲ್ಲ. ಅದೇ ತಿಂಗಳ 20ರಂದು ಲೋಕಾರ್ಪಣೆಯೂ ಆಯಿತು. ‘ರೈಲೇನೋ ಬರುತ್ತೆ ಸ್ವಾಮಿ, ಅಲ್ಲಿಗೆ ನಾವು ಬರೋದು ಹೇಗೆ’ ಎಂದು ಮೂಟೆ ಹೊತ್ತವರು ಕೇಳಿದ್ದು ಕಾರ್ಯಕ್ರಮ ಪಟ್ಟಿಯಲ್ಲಿ ಇರಲಿಲ್ಲ.

ಮೆಟ್ರೋ ಕಥೆಯೂ ಅದೇ ಬಳಗದ್ದು. 2023ರ ಮಾರ್ಚ್ 25ರಂದು ವೈಟ್‌ಫೀಲ್ಡಿನಿಂದ ಕೆ.ಆರ್. ಪುರದವರೆಗೆ 13.71 ಕಿಲೋಮೀಟರ್ ಉದ್ಘಾಟನೆಯಾಯಿತು. ಅಲ್ಲಿಂದ ಬೈಯಪ್ಪನಹಳ್ಳಿಗೆ ಉಳಿದದ್ದು ಎರಡು ಚಿಲ್ಲರೆ ಕಿಲೋಮೀಟರ್. ಆ ಎರಡು ಬಿದ್ದದ್ದಾದರೂ ಎಲ್ಲಿ? ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕಿನಲ್ಲಿ! ಹದಿಮೂರು ಕಿಲೋಮೀಟರ್ ಹಾರಿಬಂದವರು ಇಳಿದು, ಬಸ್ಸು ಹತ್ತಿ, ಅಲ್ಲಿ ಉಳಿಸಿದ ಸಮಯವನ್ನೆಲ್ಲ ಇಲ್ಲಿ ಕಳೆದು, ಮತ್ತೆ ಮೆಟ್ರೋ ಹತ್ತಬೇಕು. ಅಕ್ಟೋಬರ್ 9ರವರೆಗೆ ಹೀಗೇ ನಡೆಯಿತು. ಹೀಗಾಗುತ್ತದೆ ಎನ್ನಲು ತಜ್ಞರ ವರದಿ ಬೇಕಿರಲಿಲ್ಲ, ಟಿನ್ ಫ್ಯಾಕ್ಟರಿಯಲ್ಲಿ ಬಸ್ಸಿಗೆ ನಿಂತ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಕೇಳಿದರೆ ತಾನೇ.

ಇಂದಿರಾನಗರದವರದು ಬೇರೆ ಸಂಕಟ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರ ನಂತರ 45 ಡೆಸಿಬಲ್ ಮೀರುವಂತಿಲ್ಲ ಎಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಹೇಳುತ್ತದೇನೋ ನಿಜ, ಪಬ್ಬಿನ ಸದ್ದಿನಲ್ಲಿ ಅದರ ದನಿ ಯಾರಿಗೂ ಕೇಳಿಸುವುದಿಲ್ಲ. ಈ ಸದ್ದಿನ ವಿರುದ್ಧ ನಿವಾಸಿಗಳು ವರ್ಷಗಳಿಂದ ಗಂಟಲು ಹರಿದುಕೊಳ್ಳುತ್ತಿದ್ದಾರೆ, ಪಾಪ. ಆದರೆ ಅದೇ ನಿವಾಸಿಗಳ ಸಂಘದ ಸಭೆಯಲ್ಲಿ ಪಾರ್ಕಿಂಗಿನವರ ಮಾತು ಬೀದಿನಾಯಿಯವರಿಗೆ ಕೇಳಿಸದು, ಬೀದಿನಾಯಿಯವರದು ಯಾರಿಗೂ ಕೇಳಿಸದು. ಮನೆಗೆಲಸದಾಕೆ ‘ಅಕ್ಕಾ, ನಾಳೆ ಮಗಳ ಸ್ಕೂಲಲ್ಲಿ...’ ಎಂದು ಬಾಯಿ ತೆರೆಯುವ ಹೊತ್ತಿಗೆ ಅಕ್ಕನ ಕಿವಿಯಲ್ಲಿ ಇಯರ್‌ಫೋನ್. ಅದರಲ್ಲಿ ಧ್ಯಾನದ ಪಾಠ.

ಕಿವಿಯ ಕಸುಬು ಗೊತ್ತಿರುವವರು ಶಿವಾಜಿನಗರದಲ್ಲಿದ್ದಾರೆ. ರಸೆಲ್ ಮಾರ್ಕೆಟ್ಟಿನ ಹಣ್ಣಿನ ವ್ಯಾಪಾರಿಗೆ ನಿಮ್ಮ ಅರ್ಧ ವಾಕ್ಯ ಸಾಕು, ಉತ್ತರವನ್ನು ಕನ್ನಡದಲ್ಲಿ ಕೊಡಬೇಕೋ ತಮಿಳಿನಲ್ಲೋ ದಖನಿಯಲ್ಲೋ ಎಂದು ತೀರ್ಮಾನವಾಗಿರುತ್ತದೆ. ‘ಎಷ್ಟು’ ಎಂದ ರಾಗದಲ್ಲೇ ಕೊಳ್ಳುವವರು ಯಾರು, ಹಿಸುಕಿ ನೋಡಿ ಹೋಗುವವರು ಯಾರು ಎಂಬ ಲೆಕ್ಕವೂ ಸಿಕ್ಕಿರುತ್ತದೆ. ಇದರಲ್ಲಿ ಸಂತತನವೇನೂ ಇಲ್ಲ. ಕೇಳಿಸಿಕೊಳ್ಳದಿದ್ದರೆ ಸಂಜೆಗೆ ಮಾಲು ಕೊಳೆಯುತ್ತದೆ. ಕಚೇರಿಯಲ್ಲಿ ಕೊಳೆಯುವುದು ಅರ್ಜಿ, ಅದಕ್ಕೆ ವಾಸನೆಯಿಲ್ಲ.

ಈಗ ಆಡಳಿತವೇ ಹತ್ತಿರ ಬರುತ್ತಿದೆಯಂತೆ. ಪಾಲಿಕೆಯ ಕೊನೆಯ ಕೌನ್ಸಿಲ್ಲಿನ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಮೋರಿ ಕಟ್ಟಿದೆ ಎಂದು ಹೇಳಲು ಕಾರ್ಪೊರೇಟರ್ ಮನೆಬಾಗಿಲೂ ಇಲ್ಲದೆ ಐದು ವರ್ಷ ಕಳೆದ ಮೇಲೆ, 2025ರ ಸೆಪ್ಟೆಂಬರಿನಲ್ಲಿ ಊರನ್ನು ಐದು ಪಾಲಿಕೆಯಾಗಿ ಹೋಳು ಮಾಡಿದರು. ಕೆ.ಆರ್. ಪುರ ಪೂರ್ವಕ್ಕೆ, ಶಿವಾಜಿನಗರ ಕೇಂದ್ರಕ್ಕೆ. ಐದು ಆಯುಕ್ತರು, ಐದು ಮೈಕು.

ಕೇಳಿಸಿಕೊಳ್ಳುವ ಕೆಲಸವನ್ನೂ ಗುತ್ತಿಗೆಗೆ ಕೊಟ್ಟುಬಿಡುವುದು ವಾಸಿ. ಟೆಂಡರ್ ಕರೆಯಲಿ, ಅದಕ್ಕೆ ಮುಂಚೆ ಬಿಡ್‌ದಾರರ ಸಭೆ ಇಡಲಿ. ಆ ಸಭೆಯಲ್ಲಿ ಪೇಟ, ಭಾಷಣ ಯಾವುದೂ ಇರುವುದಿಲ್ಲ. ಗುತ್ತಿಗೆದಾರರು ಹೇಳುವ ಒಂದೊಂದು ಮಾತನ್ನೂ ಸಾಹೇಬರು ಬಾಗಿ, ಮಧ್ಯೆ ಬಾಯಿ ಹಾಕದೆ, ಕಡೆಯವರೆಗೂ ಕೇಳಿಸಿಕೊಳ್ಳುತ್ತಾರೆ.