ಪಟ್ಟಿ ಮೀಮಾಂಸೆ

ಹಳೆಯ ಪೆಂಟಿಯಂ-3 ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಯಾಕೆ ತೆವಳುತ್ತದೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಮೂರು ಮತಗಳಿವೆ: ವೈರಸ್‌ಮತ, ರ‍್ಯಾಮ್‌ಮತ, ಧೂಳುಮತ. ಮೂರನ್ನೂ ಈ ಪ್ರಬಂಧಕಾರ ಸ್ವಂತ ಖರ್ಚಿನಲ್ಲಿ ಆಚರಿಸಿ ನೋಡಿದ್ದಾನೆ. ಧೂಳುಮತದಿಂದ ಸೀನು ಬಂತು, ವೇಗ ಬರಲಿಲ್ಲ.

ಆದಿಸೂತ್ರ ಇಂತಿದೆ: ‘ನಿಧಾನಮಾದೊಡೆ ಪಟ್ಟಿಯಂ ನೋಳ್ಪುದು.’ ಪಟ್ಟಿಯೆಂದರೆ ಇಲ್ಲಿ ರಿಬ್ಬನ್ ಕೇಬಲ್. ಅಂಗಡಿಯ ಸಾಲದ ಪಟ್ಟಿ ಎಂಬ ಅರ್ಥವೂ ಸಂದರ್ಭಕ್ಕೆ ಹೊಂದುತ್ತದಾದರೂ ಗ್ರಾಹ್ಯವಲ್ಲ. ಐಡಿಇ ಪಟ್ಟಿಗಳಲ್ಲಿ 40 ತಂತಿಯದು, 80 ತಂತಿಯದು ಎಂದು ಎರಡು ಪಂಗಡ. ಕನೆಕ್ಟರ್ ಮಾತ್ರ ಎರಡಕ್ಕೂ 40 ಪಿನ್ನಿನದೇ. ಹಾಗಾದರೆ ಮಿಕ್ಕ 40 ತಂತಿ ಮಾಡುವುದೇನು? ಅವೆಲ್ಲ ಗ್ರೌಂಡ್. ಮಾತಾಡುವ ತಂತಿಗಳ ನಡುನಡುವೆ ಸುಮ್ಮನೆ ಕೂತು, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳದಂತೆ ಕಾಯುತ್ತವೆ. ಕೂಡುಕುಟುಂಬದ ಜಗಲಿಯಲ್ಲಿ ಅಜ್ಜಂದಿರು ಮಾಡುತ್ತಿದ್ದುದೂ ಇದನ್ನೇ. ಈ ಮೌನಿಗಳಿಲ್ಲದೆ ಸೆಕೆಂಡಿಗೆ 33 ಮೆಗಾಬೈಟ್ ದಾಟುವುದು ಶಾಸ್ತ್ರನಿಷಿದ್ಧ. ಡಿಸ್ಕಿನ ಮೇಲಿನ ‘ಎಟಿಎ-100’ ಅಲ್ಲಿಯವರೆಗೆ ಬರೀ ಬಿರುದು.

ಪೂರ್ವಪಕ್ಷ: 80 ತಂತಿ ಹಾಕಿದರೂ 33ರಲ್ಲೇ ನಿಂತಿದೆಯಲ್ಲ? ಸಮಾಧಾನ: ಮದರ್‌ಬೋರ್ಡಿನ ಗೋತ್ರ ವಿಚಾರಿಸಿ. ಇಂಟೆಲ್ 440ಬಿಎಕ್ಸ್ ಆದರೆ ಅದರ ಕಂಟ್ರೋಲರಿಗೆ 33ರ ಮೇಲೆ ಮಗ್ಗಿ ಬಾರದು. 815ಇ ಆದರೆ ನೂರರವರೆಗೆ ಬರುತ್ತದೆ.

ಜಂಪರ್ ವಿಷಯ ಸಣ್ಣದು, ಜಗಳ ದೊಡ್ಡದು. ಒಂದೇ ಪಟ್ಟಿಗೆ ಇಬ್ಬರು ಮಾಸ್ಟರ್ ಆದರೆ ಬಯೋಸಿಗೆ ಇಬ್ಬರೂ ಕಾಣದೇ ಹೋಗಬಹುದು. ಕೇಬಲ್ ಸೆಲೆಕ್ಟಿನಲ್ಲಿ 80 ತಂತಿಯ ಪಟ್ಟಿಯ ತುದಿಯವನೇ ಮಾಸ್ಟರ್, ನಡುವಿನವನು ಸ್ಲೇವ್. ಮಠದ ಪಂಕ್ತಿಯ ಕೊನೆಯಲ್ಲಿ ಕೂತು ಪಾಯಸ ಕಾಣದವರು ಇದನ್ನೋದಿ ಸಮಾಧಾನಪಡಲಿ.

ಇನ್ನು ಹಿಂಬಡ್ತಿ ಪ್ರಕರಣ. ವಿಂಡೋಸ್ ಎಕ್ಸ್‌ಪಿ ಕಚೇರಿ ಕಾನೂನು ಬಲ್ಲದು. ಆರು ಸಿಆರ್‌ಸಿ ದೋಷಕ್ಕೆ ಡಿಸ್ಕಿಗೆ ಒಂದು ದರ್ಜೆ ಕಡಿತ, ಮತ್ತೆ ಆರಕ್ಕೆ ಮತ್ತೊಂದು. ಕಟ್ಟಕಡೆಗೆ ಡಿಎಂಎ ಕಿತ್ತುಕೊಂಡು ಪಿಐಒ ಹುದ್ದೆ. ಆಮೇಲೆ ದತ್ತಾಂಶದ ಮೂಟೆಯನ್ನೆಲ್ಲ ಪ್ರೊಸೆಸರೇ ಹೊರಬೇಕು. ಹಾಡು ಹಾಕಿದರೆ ಪಲ್ಲವಿಯಲ್ಲೇ ತಡವರಿಕೆ. ಪಟ್ಟಿ ಬದಲಿಸಿದರೂ ಆದೇಶ ತಾನಾಗಿ ರದ್ದಾಗದು. ಡಿವೈಸ್ ಮ್ಯಾನೇಜರಿನಲ್ಲಿ ಆ ಚಾನೆಲ್ಲನ್ನೇ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಡಬೇಕು. ಅರ್ಥಾತ್, ನೌಕರನನ್ನು ವಜಾ ಮಾಡಿ ಮರುಗಳಿಗೆಯೇ ಅವನನ್ನು ಹೊಸಬನೆಂದು ನೇಮಿಸಿಕೊಳ್ಳುವುದು.

ಪ್ರಬಂಧಕಾರನ ಡಿಸ್ಕಿಗೆ ಹೀಗೆ ಮರುನೇಮಕವಾಯಿತು. ಮಡಿಕೆಯಲ್ಲಿ ಸೀಳಿದ್ದ ಹಳೆಯ ಪಟ್ಟಿ ಈಗ ಹಿತ್ತಲಿನಲ್ಲಿ ಹೀರೆಬಳ್ಳಿಯನ್ನು ಹಿಡಿದು ನಿಂತಿದೆ. ಬಳ್ಳಿಯಿಂದ ವೇಗದ ಬಗ್ಗೆ ಇನ್ನೂ ದೂರು ಬಂದಿಲ್ಲ.